ಮಾವನವರ ಕಾಲಡಿಯ ನೀರು

ಗಾಡಿಯ ಯಾವ ಭಾಗಕ್ಕೆ ಏನಾದರೂ ನಾನೇ ಸರಿಮಾಡಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನನ್ನು 'ಇಂಜಿನಿಯರ್' ಎಂದು ಕರೆಯುತ್ತಿದ್ದರು. ಅದು ಗೌರವದ ಹೆಸರು ಎಂದು ನಾನು ಬಹಳ ದಿನ ನಂಬಿದ್ದೆ. ಹನ್ನೊಂದು ವರ್ಷ ಟ್ಯಾಕ್ಸಿ ಓಡಿಸಿದವನಿಗೆ ಗಾಡಿಯ ಒಳಹೊರಗು ಗೊತ್ತಿರುತ್ತದೆ ಎಂಬುದು ನನ್ನ ವಾದ. ಊಟ ಮಾಡುವವರಿಗೆಲ್ಲ ಅಡುಗೆ ಬರುತ್ತದೆಯೇ ಎಂಬುದು ಸ್ಟ್ಯಾಂಡಿನ ಮೆಕ್ಯಾನಿಕ್ಕಿನ ವಾದ. ಈ ವಾದ ತೀರ್ಮಾನವಾಗುವ ಮೊದಲೇ ಪಕ್ಕದ ಮನೆಯವರು ದೂರು ತಂದರು.

ಪಕ್ಕದ ಮನೆಯವರಿಗೆ ನಮ್ಮ ಬೀದಿಯಲ್ಲಿ 'ಟೈಲ್ಸ್ ಯಜಮಾನರು' ಎಂದೇ ಹೆಸರು. ಗೇಟಿನ ಹೊರಗೂ ಬಿಳಿ ಟೈಲ್ಸ್ ಹಾಕಿಸಿ, ಅದರ ಮೇಲೆ ಯಾರಾದರೂ ಕಾಲಿಟ್ಟರೆ ಕಿಟಕಿಯಿಂದ ಕೆಮ್ಮುವ ಮನುಷ್ಯ. ನಾನು ಸಂಜೆ ಗಾಡಿ ನಿಲ್ಲಿಸಿದಾಗ ಅದರ ಹೊಟ್ಟೆಯಿಂದ ಹನಿ ಹನಿಯಾಗಿ ಏನೋ ಸೋರುತ್ತದಂತೆ, ಹರಿದು ಬಂದು ಅವರ ಟೈಲ್ಸ್ ಕಲೆಯಾಗುತ್ತದಂತೆ. ಅದು ಎಣ್ಣೆಯೋ, ಬ್ಯಾಟರಿಯ ಆ್ಯಸಿಡ್ಡೋ, ಇಂಜಿನಿಯರ್ ಸಾಹೇಬರೇ ಹೇಳಬೇಕು ಎಂದರು.

ಸಾಹೇಬರು ಗಾಡಿಯ ಕೆಳಗೆ ತೂರಿದರು. ಅಲ್ಲಿ ಬೆರಳು ಗಾತ್ರದ ರಬ್ಬರ್ ಕೊಳವೆಯೊಂದು ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು. ತುದಿಯಲ್ಲಿ ನೀರು. ಬಾಯಿ ತೆರೆದಿದೆ ಎಂದರೆ ಮುಚ್ಚಳ ಎಲ್ಲೋ ಬಿದ್ದುಹೋಗಿದೆ ಎಂದು ನಾನು ತರ್ಕಿಸಿದೆ. ಮಾವನವರ ಖಾಲಿ ಔಷಧಿ ಬಾಟಲಿಯ ರಬ್ಬರ್ ಬಿರಡೆ ತಂದು, ಒತ್ತಿ ಕೂರಿಸಿ, ಜಾರದಂತೆ ತಂತಿ ಸುತ್ತಿದೆ. ಹನಿ ನಿಂತಿತು. ಟೈಲ್ಸ್ ಯಜಮಾನರು ಬಗ್ಗಿ ನೋಡಿ, ಬೆರಳಿನಿಂದ ನೆಲ ಮುಟ್ಟಿ, ಪರವಾಗಿಲ್ಲ, ನಿಮಗೆ ಕೆಲಸ ಗೊತ್ತಿದೆ ಎಂದರು. ಆ ಮಾತನ್ನು ನಾನು ಮನೆಯಲ್ಲಿ ಮೂರು ಸಲ ಹೇಳಿದೆ.

ಓದುಗರಲ್ಲಿ ಗಾಡಿ ಬಲ್ಲವರು ಈಗಾಗಲೇ ತಲೆಯ ಮೇಲೆ ಕೈ ಇಟ್ಟುಕೊಂಡಿರುತ್ತಾರೆ. ಎಸಿ ಗಾಳಿಯನ್ನು ತಂಪು ಮಾಡುವಾಗ ಒಳಗೆ ನೀರು ಕೂಡುತ್ತದೆ. ಆ ನೀರು ಹೊರಗೆ ಹೋಗಲೆಂದೇ ಆ ಕೊಳವೆ. ಹೊರಗಿನ ದಾರಿ ಮುಚ್ಚಿದರೆ ನೀರು ಒಳಗಿನ ದಾರಿ ಹುಡುಕಿಕೊಳ್ಳುತ್ತದೆ, ಮುಂದಿನ ಸೀಟಿನಲ್ಲಿ ಕೂತವರ ಕಾಲಿನ ಮೇಲೆ ಇಳಿಯುತ್ತದೆ. ಇಷ್ಟೇ ಸಂಗತಿ. ಇದು ನನಗೆ ತಿಳಿಯಲು ಹದಿನೇಳು ದಿನ ಬೇಕಾಯಿತು.

ನಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವರು ನನ್ನ ಮಾವ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸೋರಿಕೆ ಪತ್ತೆ ಮಾಡುವ ಕೆಲಸದಲ್ಲಿದ್ದವರು. ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೆ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ನೆಲದೊಳಗೆ ಎಲ್ಲಿ ಕೊಳವೆ ಒಡೆದಿದೆ ಎಂದು ಹೇಳುತ್ತಿದ್ದರಂತೆ. ಅವರು ಗೀಟು ಎಳೆದಲ್ಲಿ ಅಗೆದರೆ ನೀರು ಸಿಕ್ಕೇ ಸಿಗುತ್ತಿತ್ತಂತೆ. ಮಾತು ಕಡಿಮೆ, ಶಿಸ್ತು ಜಾಸ್ತಿ. ಹತ್ತು ವರ್ಷದಿಂದ ಅಳಿಯನಾಗಿದ್ದರೂ ನನ್ನನ್ನು 'ನೀವು' ಎಂದೇ ಕರೆಯುತ್ತಿದ್ದರು, ಇಲಾಖೆಯ ಪತ್ರದಲ್ಲಿ ಬರೆದಂತೆ.

ನಾನು ಬಿರಡೆ ಕೂರಿಸುವ ಎರಡು ತಿಂಗಳ ಮೊದಲು ಅತ್ತೆಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಮತ್ತು ಮಾತು ಎರಡೂ ಹೋದವು. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಮಾವ ನಮ್ಮ ಮನೆಗೆ ಬಂದು ಉಳಿದರು. ರೋಗಿಗಳನ್ನು ನೋಡುವ ಸಮಯ ನಾಲ್ಕರಿಂದ ಆರು. ದಿನವೂ ಮೂರೂವರೆಗೆ ಮಾವ ಶೂ ಹಾಕಿಕೊಂಡು, ಒಂದು ಸಣ್ಣ ಚೀಲ ಹಿಡಿದು ಗಾಡಿಯ ಪಕ್ಕ ನಿಂತಿರುತ್ತಿದ್ದರು. ಚೀಲದಲ್ಲಿ ದಿನಕ್ಕೊಂದು ವಸ್ತು. ಗುಂಡಿ, ಚಮಚ, ಬೀಗದ ಕೈ. ಅದನ್ನು ಅತ್ತೆಯ ಎಡಗೈಯಲ್ಲಿಟ್ಟು ಅದರ ಹೆಸರು ಹೇಳಿಸುತ್ತಿದ್ದರು. 'ಚಮಚ' ಬರಲು ಮೂರು ದಿನ ಹಿಡಿಯಿತು. ಹೀಗೆ ಹನ್ನೊಂದು ಪದಗಳು ಅತ್ತೆಯ ಬಾಯಿಗೆ ಮರಳಿದ್ದವು. ಎರಡು ಪದ ಸೇರಿಸಿ ಹೇಳಲು ಬರುತ್ತಿರಲಿಲ್ಲ. ಬಂದಷ್ಟನ್ನೂ ಮಾವನ ಮುಂದೆ ಬಿಟ್ಟರೆ ಬೇರೆ ಯಾರ ಮುಂದೆಯೂ ಅವರು ಹೇಳುತ್ತಿರಲಿಲ್ಲ.

ಈಗ ಒಂದು ಮುಖ್ಯ ವಿಷಯ. ಬಾಡಿಗೆಗೆ ಬರುವವರಿಗೆ ನಾನು ಎಸಿ ಹಾಕುವುದಿಲ್ಲ. ಕಿಟಕಿ ಇಳಿಸಿ, ಹೊರಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತೇನೆ. ಮಾವನಿಗೆ ಮಾತ್ರ ಎಸಿ. ಹೆಂಡತಿಯ ಅಪ್ಪ ಬೆವರುತ್ತಾ ಇಳಿದರೆ ಆ ಬಿಸಿ ಮನೆಯಲ್ಲಿ ನನಗೆ ತಟ್ಟುತ್ತದೆ. ಹೀಗಾಗಿ ಇಡೀ ದಿನ ಒಣಗಿರುತ್ತಿದ್ದ ಗಾಡಿ ಮಾವ ಕೂತು ಇಳಿದ ಮೇಲೆ ಮಾತ್ರ ಒದ್ದೆಯಾಗುತ್ತಿತ್ತು. ಮೊದಲ ದಿನ ನೀರಿನ ಬಾಟಲಿ ಚೆಲ್ಲಿರಬೇಕು ಎಂದುಕೊಂಡೆ. ಎರಡನೆಯ ದಿನ ಬಾಟಲಿ ಇರಲಿಲ್ಲ. ಮೂರನೆಯ ದಿನ ಮಾವನ ವಯಸ್ಸು ಎಪ್ಪತ್ತೆರಡು, ಸಕ್ಕರೆ ಕಾಯಿಲೆ ಬೇರೆ ಇದೆ ಎಂಬುದು ನೆನಪಾಯಿತು.

ಒಂದು ಸಲ ಮೂಸಿ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ಆಮೇಲೆ ಎಲ್ಲರೂ ನನಗೆ ಹೇಳಿದರು. ಹೇಳುವುದು ಸುಲಭ. ಮಾವನವರದ್ದು ಎಂದು ಭಾವಿಸಿದ ನೀರನ್ನು ಬಗ್ಗಿ ಮೂಸುವ ಅಳಿಯ ಎಲ್ಲಿದ್ದಾನೆ? ನಾನು ಮೂಗು ಹಿಡಿದುಕೊಂಡೇ ಒರೆಸಿದೆ. ನಿಂಬೆಯ ವಾಸನೆಯ ಸೆಂಟು ಅರ್ಧ ಬಾಟಲಿ ಹೊಡೆದೆ. ಆಮೇಲೆ ಮೂಸಿದವರಿಗೆ ಸಿಗುತ್ತಿದ್ದುದು ನಿಂಬೆ ಮಾತ್ರ.

ಅತ್ತ ಮಾವನ ಗತಿಯೂ ಅದೇ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಜೋಮು ಹಿಡಿದಿತ್ತು, ಮೇಲೆ ಹನಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಳಿದು ನೋಡಿದರೆ ಕಾಲ್ಚೀಲ ಒದ್ದೆ, ಪ್ಯಾಂಟಿನ ಅಂಚು ಒದ್ದೆ. ಅವರೂ ಅದೇ ತೀರ್ಮಾನಕ್ಕೆ ಬಂದರು. ಮಧ್ಯಾಹ್ನದ ಚಹಾ ಬಿಟ್ಟರು. ನೀರು ಕುಡಿಯುವುದನ್ನು ಅರ್ಧಕ್ಕೆ ಇಳಿಸಿದರು. ಮೂರೂವರೆಗೆ ಹೊರಡುವ ಮೊದಲು ಬಚ್ಚಲಿಗೆ ಮೂರು ಸಲ ಹೋಗಿಬರತೊಡಗಿದರು. ಅದನ್ನು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ನಾನು ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಅದನ್ನು ನೋಡಿ ಅವರ ಅನುಮಾನ ಗಟ್ಟಿಯಾಯಿತು. ಇಬ್ಬರೂ ರಸ್ತೆ ನೋಡುತ್ತಾ, ಈ ಸಲ ಬಿಸಿಲು ಜಾಸ್ತಿ ಎಂದು ಮಾತಾಡಿಕೊಂಡು ಹೋಗುತ್ತಿದ್ದೆವು.

ಹೆಂಡತಿಗೆ ಹೇಳಬಾರದು ಎಂದುಕೊಂಡಿದ್ದೆ. ಪ್ಲಾಸ್ಟಿಕ್ ಹಾಳೆ ಅವಳ ಟೇಬಲ್ಲಿನದ್ದಾಗಿದ್ದರಿಂದ ಹೇಳಬೇಕಾಯಿತು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. ಅವಳು ತನ್ನ ಅಕ್ಕನಿಗೆ ಮಾತ್ರ ಫೋನ್ ಮಾಡಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಆ ಅಕ್ಕ. ನಾಲ್ಕನೆಯ ದಿನ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ನಾವು ಮನೆಯಲ್ಲಿ ಇರಲಿಲ್ಲ, ಟೈಲ್ಸ್ ಯಜಮಾನರು ಸಹಿ ಹಾಕಿ ತೆಗೆದುಕೊಂಡಿದ್ದರು. ಪೆಟ್ಟಿಗೆಯ ನಾಲ್ಕೂ ಬದಿಯಲ್ಲಿ 'ದೊಡ್ಡವರ ಡೈಪರ್' ಎಂದು ಅಂಗೈ ಗಾತ್ರದ ಅಕ್ಷರ. ಅವರು ಅದನ್ನು ಎರಡೂ ಕೈಯಲ್ಲಿ ತಂದುಕೊಟ್ಟು, ನನ್ನ ಭುಜ ಒತ್ತಿ ಹೋದರು. ಸಂಜೆಯ ಹೊತ್ತಿಗೆ ಬೀದಿಯ ಎಲ್ಲರೂ ನಮ್ಮ ಮಾವನನ್ನು ಕಂಡರೆ ದಾರಿ ಬಿಡತೊಡಗಿದರು.

ಆಸ್ಪತ್ರೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಮಾವ ಒದ್ದೆ ಶೂ ಹಾಕಿಕೊಂಡು ಬಾಗಿಲಿನಿಂದ ಅತ್ತೆಯ ಮಂಚದವರೆಗೆ ನಡೆದರೆ ನೆಲದ ಮೇಲೆ ಹೆಜ್ಜೆ ಮೂಡುತ್ತಿತ್ತು. ವಾರ್ಡಿನ ಸಿಸ್ಟರ್ ಹತ್ತು ದಿನ ನೋಡಿ ಸುಮ್ಮನಿದ್ದರು. ಹನ್ನೊಂದನೆಯ ದಿನ ಕಸ ಗುಡಿಸುವಾಕೆಗೆ ಕಣ್ಸನ್ನೆ ಮಾಡಿದರು. ಆಕೆ ಒರೆಸುವ ಕೋಲು ಹಿಡಿದು ಮಾವನ ಹಿಂದೆಯೇ ಒಂದೊಂದು ಹೆಜ್ಜೆಯನ್ನೂ ಒರೆಸುತ್ತಾ ಬಂದಳು. ತಪ್ಪೇನಿಲ್ಲ, ಅವಳ ಕೆಲಸ ಅದು. ಆದರೆ ಮಾವ ಹಿಂತಿರುಗಿ ನೋಡಿದರು. ಅತ್ತೆಯೂ ನೋಡಿದರು.

ಮರುದಿನ ಮೂರೂವರೆಗೆ ಗಾಡಿಯ ಪಕ್ಕ ಮಾವ ಇರಲಿಲ್ಲ. ಮೊಣಕಾಲು ನೋವು, ಇವತ್ತು ನೀವೇ ಹೋಗಿ ಬನ್ನಿ ಎಂದರು. ಅದರ ಮರುದಿನವೂ ಮೊಣಕಾಲು. ಹೀಗೆ ಐದು ದಿನ.

ನಾನೂ ನನ್ನ ಹೆಂಡತಿಯೂ ಚೀಲ ಹಿಡಿದು ಹೋದೆವು. ಗುಂಡಿ ಕೊಟ್ಟೆವು, ಚಮಚ ಕೊಟ್ಟೆವು. ಅತ್ತೆ ಬಾಗಿಲನ್ನೇ ನೋಡುತ್ತಿದ್ದರು. ಆರು ಗಂಟೆಯಾದಾಗ ಚಮಚವನ್ನು ನೆಲಕ್ಕೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಐದನೆಯ ದಿನ ಮಾತು ಕಲಿಸುವ ಡಾಕ್ಟರ್ ನಮ್ಮನ್ನು ಹೊರಗೆ ಕರೆದು, ಬಂದಿದ್ದ ಪದಗಳೂ ನಿಂತುಹೋಗಿವೆ, ಈಗ ಹೀಗೆ ಬಿಟ್ಟರೆ ಮತ್ತೆ ಬರುತ್ತವೆ ಎಂದು ಹೇಳಲಾಗದು, ಅವರ ಯಜಮಾನರನ್ನು ಹೇಗಾದರೂ ಕರೆತನ್ನಿ ಎಂದರು. ಹೆಂಡತಿ ದಾರಿಯುದ್ದಕ್ಕೂ ಅತ್ತಳು.

ಮಾರನೆಯ ದಿನ ಊಟವಾದ ಮೇಲೆ ನಾನು ಮಾವನ ಕೋಣೆಗೆ ಹೋದೆ. ಮಂಚದ ಅಂಚಿನಲ್ಲಿ ಕೂತಿದ್ದರು. ಶೂಗಳನ್ನು ತೊಳೆದು ಕಿಟಕಿಯ ಬಿಸಿಲಿಗೆ ಇಟ್ಟಿದ್ದರು. ಅತ್ತೆಯ ಪರಿಸ್ಥಿತಿ ಹೇಳಿದೆ. ಶೂಗಳ ಕಡೆ ನೋಡುತ್ತಾ ಮಾತಾಡಿದರು.

"ಮೂವತ್ತನಾಲ್ಕು ವರ್ಷ ಊರವರ ಸೋರಿಕೆ ಹುಡುಕಿದೆ. ಈಗ ನಾನೇ ಸೋರ್ತಾ ಇದ್ದೀನಿ. ನಿಮಗೂ ಗೊತ್ತಿದೆ, ಗೊತ್ತಿಲ್ಲದ ಹಾಗೆ ಇರ್ತೀರಿ. ನಿಮ್ಮ ಅತ್ತೆ ಮೊನ್ನೆ ಕಣ್ಣಾರೆ ನೋಡಿದ್ಲು. ನನ್ನ ಹಿಂದೆ ನೆಲ ಒರೆಸ್ಕೊಂಡು ಬರ್ತಿದ್ದಾಗ ಅವಳ ಮುಖ ಹೇಗಾಯ್ತು ಅಂತ ನಿಮಗೆ ಗೊತ್ತಿಲ್ಲ."

ಹತ್ತು ವರ್ಷದಲ್ಲಿ ಅವರು ನನ್ನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಏನು ಹೇಳುತ್ತಾರೋ ನನಗೆ ತಿಳಿಯದು. ನನ್ನ ಬಾಯಿಗೆ ಬಂದದ್ದು ಇದು.

"ನನಗೂ ಆಗ್ತದೆ ಮಾವ."

ಅವರು ತಲೆಯೆತ್ತಿದರು. ಹಿಂದೆ ಹೋಗಲು ದಾರಿ ಇರಲಿಲ್ಲ. ದಿನವಿಡೀ ಸೀಟಿನಲ್ಲಿ ಕೂತು ಕೂತು ಡ್ರೈವರುಗಳಿಗೆ ಇದು ಸಾಮಾನ್ಯ, ಆ ಪ್ಲಾಸ್ಟಿಕ್ ಹಾಳೆ ನನ್ನ ಸಲುವಾಗಿಯೇ ತಂದದ್ದು, ಆ ಪೆಟ್ಟಿಗೆಯೂ ನನ್ನದೇ ಎಂದು ಹೇಳುತ್ತಾ ಹೋದೆ. ಮೂವತ್ತೊಂಬತ್ತು ವರ್ಷದ ಮಾನ ಮೂರು ನಿಮಿಷದಲ್ಲಿ ಹೋಯಿತು. ಬಾಗಿಲಿನಾಚೆ ಪಾತ್ರೆ ಬಿದ್ದ ಸದ್ದಾಯಿತು. ನನ್ನ ಹೆಂಡತಿ ಅಲ್ಲೇ ಇದ್ದಳು. ಅವಳು ಅಕ್ಕನಿಗೆ ಮಾತ್ರ ಫೋನ್ ಮಾಡಿದಳು. ಎರಡನೆಯ ಪೆಟ್ಟಿಗೆ ಎರಡು ದಿನದಲ್ಲಿ ಬಂತು, ಇನ್ನೂ ದೊಡ್ಡ ಅಳತೆಯದು.

ಆದರೆ ಮಾವ ಎದ್ದು ನಿಂತಿದ್ದರು. "ಇಷ್ಟು ಚಿಕ್ಕ ವಯಸ್ಸಲ್ಲಿ ಇದನ್ನ ಬಿಟ್ಕೊಂಡು ಕೂರಬಾರದಪ್ಪ. ನೀನು ಒಬ್ನೇ ಡಾಕ್ಟ್ರ ಹತ್ರ ಹೋಗೋಕೆ ನಾಚ್ಕೊಳ್ತೀಯ. ನಡಿ, ನಾನು ಜೊತೆಗೆ ಬರ್ತೀನಿ."

'ನೀನು' ಎಂದರು. ಇಲಾಖೆಯಲ್ಲಿ ಇದಕ್ಕೆ ಬಡ್ತಿ ಎನ್ನುತ್ತಾರೆ. ನನಗೆ ಸಂತೋಷವಾಯಿತು.

ಅಂದೇ ಮಧ್ಯಾಹ್ನ ಹೊರಟೆವು. ಮಾವ ಬಚ್ಚಲಿಗೆ ಹೋಗಿ, ಮೊದಲನೆಯ ಪೆಟ್ಟಿಗೆಯಿಂದ ಒಂದನ್ನು ತೊಟ್ಟುಕೊಂಡು, ಧೈರ್ಯವಾಗಿ ಮುಂದಿನ ಸೀಟಿನಲ್ಲೇ ಕೂತರು. ನನಗೂ ಒಂದು ಕೊಟ್ಟಿದ್ದರು. ನಾನೂ ತೊಟ್ಟಿದ್ದೆ, ಸುಳ್ಳಿಗೆ ತಕ್ಕ ಉಡುಪು. ಬಿಸಿಲು ಸುಡುತ್ತಿತ್ತು, ಎಸಿಯನ್ನು ಪೂರ್ತಿ ತಿರುಗಿಸಿದೆ. ಮುಕ್ಕಾಲು ಗಂಟೆಯ ದಾರಿ. ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ನೋಡಿದರೆ ಮಾವನ ಶೂಗಳ ಸುತ್ತ ನೀರು. ಅವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ನಾನು ನನ್ನ ಕಾಲುಗಳನ್ನು ಆ ನೀರಿನಲ್ಲಿ ಇಟ್ಟುಕೊಂಡು ಕೂತೆ.

ಡಾಕ್ಟರು ಗಡಿಬಿಡಿಯ ಹೆಂಗಸು. ಮೊದಲು ನನ್ನನ್ನು ಕೇಳಿದರು, ಎಷ್ಟು ದಿನದಿಂದ ಎಂದು. ಮಾವನಿಗೆ ಎಷ್ಟು ದಿನದಿಂದಲೋ ಅಷ್ಟೇ ದಿನದಿಂದ ಎಂದೆ. ಇದು ಅಂಟುವ ಕಾಯಿಲೆಯಲ್ಲ ಎಂದು ಅವರು ನನ್ನನ್ನು ಒಂಥರಾ ನೋಡಿದರು. ಆಮೇಲೆ ಮಾವನನ್ನು ಪರದೆಯ ಹಿಂದೆ ಕರೆದೊಯ್ದು ಪರೀಕ್ಷೆ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಧ್ವನಿ ಕೇಳಿಸಿತು.

"ಒಳಗೆ ಪೂರ್ತಿ ಒಣಗಿದೆ. ಪ್ಯಾಂಟು ಮೊಣಕಾಲು ದಾಟಿ ಕೆಳಗಿನವರೆಗೂ ಒಣಗಿದೆ. ಕಾಲ್ಚೀಲ ಮಾತ್ರ ಹಿಂಡೋ ಹಾಗಿದೆ. ಹೊಳೆ ದಾಟಿ ಬಂದ್ರಾ?"

ಆಮೇಲೆ ಮಾವನ ಧ್ವನಿ, ನಾನು ಮೊದಲೆಂದೂ ಕೇಳದ ಧ್ವನಿ, ಇಲಾಖೆಯ ಧ್ವನಿ.

"ನೀರು ಒಣ ಜಾಗ ಹಾರಿ ಮುಂದಕ್ಕೆ ಹೋಗಲ್ಲ ಡಾಕ್ಟ್ರೇ. ನನ್ನ ಸರ್ವೀಸಲ್ಲಿ ಒಂದ್ಸಲನೂ ನೋಡಿಲ್ಲ. ಇದು ನನ್ನದಲ್ಲ."

ಬೆಲ್ಟು ಬಿಗಿಯುತ್ತಾ ಹೊರಬಂದರು. ಬೆನ್ನು ನೆಟ್ಟಗಾಗಿತ್ತು. ನೇರ ಗಾಡಿಯ ಹತ್ತಿರ ಹೋಗಿ, ಇಂಜಿನ್ ಹಚ್ಚು, ಎಸಿ ಹಾಕು ಎಂದರು. ಹತ್ತು ನಿಮಿಷ ಗಡಿಯಾರ ನೋಡುತ್ತಾ ನಿಂತರು. ಆರಿಸು ಎಂದರು. ಜಾಕಿಯ ಸರಳು ಕೇಳಿದರು. ಅದರ ಒಂದು ತುದಿಯನ್ನು ಮುಂದಿನ ಸೀಟಿನ ಎದುರಿನ ಡಬ್ಬದ ಕೆಳಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು. ಕ್ಲಿನಿಕ್ಕಿನ ಕಾವಲುಗಾರ ಬಂದು ಇಲ್ಲಿ ರಿಪೇರಿ ಮಾಡುವ ಹಾಗಿಲ್ಲ ಎನ್ನಲು ಬಾಯಿ ತೆರೆದ. ಮಾವ ಒಂದು ಬೆರಳೆತ್ತಿದರು. ಅವನು ಬಾಯಿ ಮುಚ್ಚಿದ್ದಲ್ಲದೆ, ಹಿಂದಿನಿಂದ ಹಾರ್ನ್ ಹೊಡೆದವನ ಕಡೆ ತಾನೂ ಒಂದು ಬೆರಳೆತ್ತಿದ. ಗಾಡಿ ನಿಲ್ಲಿಸುವ ಜಾಗವೆಲ್ಲ ಉಸಿರು ಬಿಗಿಹಿಡಿದು ನಿಂತಿತು.

"ಮೇಲೆ ನೀರು ತುಂಬಿ ನಿಂತಿದೆ. ಹೊರಗೆ ಹೋಗೋ ದಾರಿ ಎಲ್ಲೋ ಕಟ್ಟಿದೆ. ಕೆಳಗೆ ಹೋಗಿ ನೋಡು," ಎಂದರು ಮಾವ.

ನಾನು ಬೆನ್ನ ಮೇಲೆ ಮಲಗಿ ಒಳಗೆ ತೂರಿದೆ. ಕೈ ಚಾಚಿದೆ. ಬೆರಳಿಗೆ ತಂತಿ ಸಿಕ್ಕಿತು, ನನ್ನದೇ ಕೈಯ ಅಚ್ಚುಕಟ್ಟಾದ ಸುತ್ತು. ಉಳಿದ ಆಯುಷ್ಯವನ್ನು ಗಾಡಿಯ ಕೆಳಗೇ ಕಳೆದುಬಿಡಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ತಂತಿ ಬಿಚ್ಚಿ ಬಿರಡೆ ಕಿತ್ತೆ. ಹದಿನೇಳು ದಿನದ ತಪ್ಪು ಒಂದೇ ಸಲಕ್ಕೆ, ಮಣ್ಣು ಸಮೇತ, ನನ್ನ ಮುಖದ ಮೇಲೆ ಬಂತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೊರಬಂದು ಅಂಗೈ ಬಿಚ್ಚಿದೆ. ಮಾವ ಬಿರಡೆಯನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ನನ್ನ ಔಷಧಿ ಬಾಟಲಿದು."

"ಹೌದು ಮಾವ."

"ಅಲ್ಲಿಗೆ ಹೇಗೆ ಹೋಯ್ತು?"

ಎಲ್ಲ ಹೇಳಿದೆ. ಟೈಲ್ಸು, ಮುಚ್ಚಳ, ತರ್ಕ, ತಂತಿ. ಹೇಳುತ್ತಾ ಹೋದಂತೆ ಕಾವಲುಗಾರ ನಾಲ್ಕು ಹೆಜ್ಜೆ ದೂರ ಸರಿದು ನಿಂತ. ಮಾವ ಕೇಳಿಸಿಕೊಂಡು, ಹಾಗಾದರೆ ನಿನಗೂ ಆಗ್ತದೆ ಅಂದದ್ದು ಯಾಕೆ ಎಂದು ಕೇಳಿದರು. ನನಗೇನೂ ಇಲ್ಲ ಮಾವ, ನೀವು ಒಬ್ಬರೇ ಅನ್ನಿಸಬಾರದು ಅಂತ ಹೇಳಿದ್ದು ಎಂದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಮುಖದ ಮೇಲೆ ಏನೋ ತಾಗಿತು. ಅವರ ಕರ್ಚೀಫು. ನನ್ನ ಹಣೆ, ಕೆನ್ನೆ, ಕಿವಿಯ ಹಿಂದಿನ ಕೆಸರನ್ನು ನಿಧಾನವಾಗಿ ಒರೆಸುತ್ತಿದ್ದರು. ನನ್ನ ಅಪ್ಪ ತೀರಿಹೋಗಿ ಇಪ್ಪತ್ತು ವರ್ಷ. ಆಮೇಲೆ ಹಾಗೆ ನನ್ನ ಮುಖ ಒರೆಸಿದವರು ಯಾರೂ ಇರಲಿಲ್ಲ. ನಾನು ಕಣ್ಣು ತೆರೆಯಲಿಲ್ಲ.

ಆಮೇಲೆ ಅವರು ಗಡಿಯಾರ ನೋಡಿಕೊಂಡರು. ಐದೂ ಇಪ್ಪತ್ತು. ಕೊಳವೆಯೊಳಗೆ ಅದೇ ತಂತಿ ಆಡಿಸಿ, ಕಟ್ಟಿದ್ದ ಮಣ್ಣು ತೆಗೆಸಿ, ನನ್ನ ಬಾಯಿಂದಲೇ ಒಂದು ಸಲ ಊದಿಸಿ, ನೀರು ಹೊರಗೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಗಾಡಿ ಹತ್ತಿದರು. ಒದ್ದೆ ಕಾಲ್ಚೀಲ ಕಿತ್ತು ಚೀಲಕ್ಕೆ ಹಾಕಿದರು. ದಾರಿಯಲ್ಲಿ ಅತ್ತೆಗೆ ಏನು ಹೇಳಬೇಕೆಂದು ತಮ್ಮಷ್ಟಕ್ಕೇ ಅಭ್ಯಾಸ ಮಾಡುತ್ತಿದ್ದರು. ಮೊಣಕಾಲು ಎಂದರು. ಬೇಡ ಎಂದರು. ಜ್ವರ ಎಂದರು. ಅದೂ ಬೇಡ ಎಂದರು.

ಆರಕ್ಕೆ ಎಂಟು ನಿಮಿಷ ಇರುವಾಗ ವಾರ್ಡಿಗೆ ಬಂದೆವು. ಸಿಸ್ಟರ್ ಮೊದಲು ಗಡಿಯಾರ ನೋಡಿದರು, ಆಮೇಲೆ ಮಾವನ ಮುಖ ನೋಡಿದರು, ಆಮೇಲೆ ಗಡಿಯಾರ ನೋಡುವುದನ್ನು ಬಿಟ್ಟರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಾವ ಮಂಚದ ಪಕ್ಕ, ಹೋಂವರ್ಕ್ ಮಾಡದ ಹುಡುಗನ ಹಾಗೆ ಕೈಕಟ್ಟಿ ನಿಂತರು. ಶೂ ಸದ್ದು ಕೇಳಿರಬೇಕು, ಅತ್ತೆ ತಿರುಗಿದರು. ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಟ್ಟಗಾಗಿದ್ದ ಬಾಯಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಎಡಗೈ ಹಾಸಿಗೆಯನ್ನು ಹಿಡಿದುಕೊಂಡಿತು.

"ಎಲ್ಲಿ... ಹಾಳಾಗಿ... ಹೋಗಿದ್ರಿ?"

ಸಿಸ್ಟರ್ ಕೈಯಲ್ಲಿದ್ದ ತಟ್ಟೆಯನ್ನು ಹತ್ತಿರದ ಮಂಚದ ಮೇಲೆ ಇಟ್ಟುಬಿಟ್ಟರು. ಮೂರು ಪದ, ಒಂದಕ್ಕೊಂದು ಸೇರಿದ ಮೂರು ಪದ. ಮಾವ ಅಭ್ಯಾಸ ಮಾಡಿದ್ದ ಯಾವ ಸುಳ್ಳನ್ನೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಕಣ್ಣಿಂದ ಧಾರೆಯಾಗಿ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗದೆ, ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹತ್ತಿರ ಬಗ್ಗಿದರು.

"ಇನ್ನೊಂದ್ಸಲ ಬೈಯಿ," ಎಂದರು.

ಅತ್ತೆ ಬೈದರು.